ಹದಿನೇಳನೆಯ ದಿನ ಎಲ್ಲಿಗೂ ಹೋಗಲಿಲ್ಲ

ಹೋದ ಸಲದ ಪ್ರವಾಸದಲ್ಲಿ ಕೊನೆಯ ದಿನದವರೆಗೂ ಓಡಾಡಿ, ಮಂಜಿಗೆ ತೊಯ್ದ ಟೆಂಟನ್ನು ಹಾಗೇ ಸುತ್ತಿ ಮನೆಗೆ ತಂದು ಅಟ್ಟಕ್ಕೆ ಎಸೆದಿದ್ದೆವು. ಮೂರು ತಿಂಗಳು ಬಿಟ್ಟು ಬಿಚ್ಚಿದರೆ ಬೂಷ್ಟು, ಜೊತೆಗೆ ಒಗೆದರೂ ಹೋಗದ ವಾಸನೆ. ಅದಕ್ಕೇ ಈ ಸಲ ಮಂಗಳೂರಿನಿಂದ ಕಾರವಾರದವರೆಗಿನ ಹತ್ತೊಂಬತ್ತು ದಿನಗಳಲ್ಲಿ ಹದಿನೇಳನೆಯದನ್ನು ಮೊದಲೇ ಖಾಲಿ ಬಿಟ್ಟಿದ್ದೆ. ಕೊನೆಯ ದಿನಕ್ಕೆ ಬಿಟ್ಟರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಮನಸ್ಸು ಮನೆ ಸೇರಿರುತ್ತದೆ.

ಆಗ ನಾವಿದ್ದದ್ದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಕಡೆ, ಒಬ್ಬರ ಮನೆಯ ಹಿತ್ತಲಲ್ಲಿ. ಕೇಳಿಕೊಂಡೇ ಟೆಂಟು ಹಾಕಿದ್ದು. ತೆಂಗಿನ ಮರದ ಬುಡ ಮಾತ್ರ ಬೇಡ ಎಂದು ಗೇರು ಮರದ ನೆರಳು ಹಿಡಿದಿದ್ದೆವು. ಕಾಯಿ ಬೀಳುವಾಗ ಯಾರನ್ನೂ ಕೇಳಿ ಬೀಳುವುದಿಲ್ಲ.

ಬೆಳಿಗ್ಗೆ ಏಳೂವರೆಯಾದರೂ ಕಾರಿನ ಸದ್ದಿಲ್ಲದ್ದು ನೋಡಿ ಮನೆಯ ಅಕ್ಕ ಬಾವಿಕಟ್ಟೆಯಿಂದಲೇ ಕೇಳಿದರು: "ಇವತ್ತು ಎಲ್ಲೂ ಹೋಗುದಿಲ್ವಾ? ಮಿರ್ಜಾನ್ ಕೋಟೆ ನೋಡಿದ್ರಾ?"

"ಇಲ್ಲ ಅಕ್ಕ, ಇವತ್ತು ಬಟ್ಟೆ ಒಗೀಬೇಕು."

ಅವರಿಗೆ ನಗು ಬಂತು. ಬಟ್ಟೆ ಒಗೆಯಲು ಅಷ್ಟು ದೂರದಿಂದ ಬರಬೇಕೇ!

ಆದರೆ ನಿಜವಾದ ಕೆಲಸ ಟೆಂಟಿನದು. ಎರಡು ವಾರದ ಉಪ್ಪುಗಾಳಿಗೆ ಬಟ್ಟೆ ಹಪ್ಪಳದ ಹಾಗೆ ಬಿರುಸಾಗಿತ್ತು. ಮೇಲ್ಹೊದಿಕೆ ತೆಗೆದು ಬಾವಿಯ ಸಿಹಿನೀರಿನಲ್ಲೇ ಎರಡು ಸಲ ಜಾಲಿಸಿದೆ. ಸೋಪಿನ ಪುಡಿ ಹಾಕಲಿಲ್ಲ, ಹಾಕಿದರೆ ನೀರು ತಡೆಯುವ ಲೇಪ ಹಾಳಾಗುತ್ತದೆ. ಒಣಗಿಸಿದ್ದೂ ನೆರಳಲ್ಲೇ. ಮಾರ್ಚ್ ಬಿಸಿಲಿಗೆ ಹತ್ತು ನಿಮಿಷದಲ್ಲಿ ಒಣಗುತ್ತದೆ ನಿಜ, ಆದರೆ ನೈಲಾನ್ ಬಿಸಿಲಿಗೆ ಸವೆಯುತ್ತದೆ.

ಜಿಪ್ಪು ಇನ್ನೊಂದು ತಲೆನೋವು. ಮರವಂತೆ ದಾಟಿದಾಗಿನಿಂದ ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಎಳೆದಾಡುತ್ತಿದ್ದದ್ದು ನೋಡಲಾರದೆ ನನ್ನಾಕೆ ಹಳೆಯ ಹಲ್ಲುಜ್ಜುವ ಬ್ರಷ್ ತಂದು, ಹಲ್ಲುಹಲ್ಲಿನ ನಡುವಿನ ಮರಳು ಕೆದಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮೇಣದಬತ್ತಿಯ ತುಂಡನ್ನು ಉದ್ದಕ್ಕೂ ಉಜ್ಜಿದಳು. ಒಂದೇ ಬೆರಳಲ್ಲಿ ಸರ್ರನೆ ಮೇಲಿನಿಂದ ಕೆಳಗೆ. "ಹದಿನೈದು ದಿನದಿಂದ ಹೇಳ್ತಿದ್ದೀನಿ ರೀ" ಅಂದಳು. ಹೇಳಿದ್ದು ನಿಜವೇ.

ಒಲೆಯ ಗ್ಯಾಸ್ ಡಬ್ಬಿ ಎರಡಿದ್ದವು, ಎರಡೂ ಅರೆಬರೆ. ಯಾವುದರಲ್ಲಿ ಹೆಚ್ಚು ಉಳಿದಿದೆ ಎಂದು ತಿಳಿಯಲು ಎರಡನ್ನೂ ಬಕೆಟ್ ನೀರಲ್ಲಿ ತೇಲಿಬಿಟ್ಟೆ. ಗ್ಯಾಸ್ ಹೆಚ್ಚಿದ್ದದ್ದು ಹೆಚ್ಚು ಮುಳುಗುತ್ತದೆ. ಒಂದು ಮುಕ್ಕಾಲು ಮುಳುಗಿತು, ಇನ್ನೊಂದು ಬಾತುಕೋಳಿಯಂತೆ ವಾಲಿಕೊಂಡು ತೇಲಿತು. ವಾಲಿದ್ದನ್ನು ಅವತ್ತೇ ಮುಗಿಸುವುದೆಂದು ತೀರ್ಮಾನ.

ಹನ್ನೊಂದರ ಹೊತ್ತಿಗೆ ಹೊಳೆ ಇಳಿತಕ್ಕೆ ಬಂದಿತ್ತು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಆ ಹೊತ್ತು ದಿನದಿನವೂ ಸುಮಾರು 50 ನಿಮಿಷ ಮುಂದಕ್ಕೆ ಜರುಗುತ್ತದೆ. ಪ್ರವಾಸದ ಮೊದಲ ವಾರ ಇದನ್ನು ಮೊಬೈಲಲ್ಲಿ ನೋಡುತ್ತಿದ್ದೆ, ಈಗ ನೀರಂಚಿನ ಕೆಸರು ನೋಡಿದರೇ ಸಾಕಾಗುತ್ತಿತ್ತು. ಶಿರಸಿ ಕಡೆ ಹುಟ್ಟಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಬರುವ ಹೊಳೆ ಇದು. ಇದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿದೆ. ಪಟ್ಟಿ ಏನೇ ಇರಲಿ, ಸೊಂಟದ ನೀರಲ್ಲಿ ನಿಂತು ಬೆಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಆಯುತ್ತಿದ್ದವರಿಗೆ ಭರತ ಬರುವುದರೊಳಗೆ ಬುಟ್ಟಿ ತುಂಬುವುದಷ್ಟೇ ಚಿಂತೆ. ಕಾಲಿನ ಹೆಬ್ಬೆರಳಲ್ಲಿ ತಡಕಿ, ಬಗ್ಗಿ, ಕೈಯಿಂದ ತೆಗೆಯುತ್ತಿದ್ದರು. ನಾನೂ ಪ್ರಯತ್ನಿಸಿದೆ. ಅರ್ಧ ಗಂಟೆಗೆ ಸಿಕ್ಕಿದ್ದು ಆರು, ಅದರಲ್ಲಿ ಎರಡು ಬರೀ ಚಿಪ್ಪು.

ಉಳಿದದ್ದನ್ನು ಅವರಿಂದಲೇ ಕೊಂಡೆವು. ಹೊಳೆಯ ನೀರಲ್ಲೇ ಮೂರು ತಾಸು ಇಟ್ಟರೆ ಒಳಗಿನ ಮರಳು ಉಗುಳುತ್ತವೆ ಎಂದು ಅಕ್ಕ ಹೇಳಿದರು. ಅಷ್ಟು ಹೊತ್ತು ಮಾಡಲು ಏನೂ ಕೆಲಸವಿರಲಿಲ್ಲ, ಚಾಪೆ ಹಾಸಿ ಮಲಗಿದೆ. ಎದ್ದು ಬೇಯಿಸಿ, ಬಾಯಿ ಬಿಡದವನ್ನು ಎಸೆದು, ತೆಂಗಿನತುರಿ, ಮೆಣಸಿನಪುಡಿ, ಕುಮಟಾ ಈರುಳ್ಳಿ ಹಾಕಿ ಬಾಡಿಸಿದೆವು. ಆ ಈರುಳ್ಳಿ ಹಸಿಯಾಗಿ ಕಚ್ಚಿದರೂ ಸಿಹಿ. ಹೆದ್ದಾರಿ ಬದಿ ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿರುತ್ತಾರಲ್ಲ, ಅದೇ. ಚೀಲದ ತಳದಲ್ಲಿದ್ದ ಎರಡು ಪಾವು ಕುಚ್ಚಲಕ್ಕಿಯೂ ಖಾಲಿಯಾಯಿತು. ವಾಲಿದ ಡಬ್ಬಿ ಅನ್ನ ಬೇಯುವ ಮೊದಲೇ ಪುಸ್ ಎಂದಿತು, ಎರಡನೆಯದನ್ನು ಹಚ್ಚಬೇಕಾಯಿತು.

ಸಂಜೆ ಭರತ ಏರುತ್ತಾ ನಾವು ಕೂತಿದ್ದ ಕಡೆಗೇ ಬಂತು. ಕುರ್ಚಿ ಎರಡು ಸಲ ಹಿಂದಕ್ಕೆ ಎಳೆದುಕೊಂಡೆವು, ಮೂರನೆಯ ಸಲಕ್ಕೆ ಎದ್ದೆವು. ಊರಿಗೆ ಒಯ್ಯಲು ಕೊಂಡ ಈರುಳ್ಳಿ ಜಡೆಯನ್ನು ಇಲಿಗಳ ಭಯಕ್ಕೆ ಟೆಂಟಿನೊಳಗೆ ದೀಪದ ಕೊಕ್ಕೆಗೆ ಸಿಕ್ಕಿಸಿದೆ. ರಾತ್ರಿಯಿಡೀ ಅದು ನನ್ನ ಮೂಗಿನ ಮೇಲೆ ತೂಗಾಡುತ್ತಿತ್ತು.