ಅಪ್ಪ ಹೋದ ಮೇಲೆ ಬರೆದದ್ದು

ಇಳಕಲ್ಲಿನಲ್ಲಿ ಬದುಕಿಡೀ ಕುಣಿಮಗ್ಗದಲ್ಲಿ (ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕೈಮಗ್ಗ) ಸೀರೆ ನೇಯ್ದ ಅಪ್ಪ ತೀರಿಕೊಂಡ ಮೇಲೆ ನನಗೆ ಅಳು ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಹಾಗಾಗಿ ಬರೆಯಲು ಕುಳಿತೆ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನವೊಂದರ ಬಗ್ಗೆ ಓದಿದ್ದೆ. ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ ಬರೆದ ವಿದ್ಯಾರ್ಥಿಗಳ ಪೈಕಿ, ತಮಗಾದ ಆಘಾತವನ್ನೂ ಅದರ ಭಾವನೆಯನ್ನೂ ಒಟ್ಟಿಗೆ ಬರೆದವರ ಮನಸ್ಸು ಆ ಹೊತ್ತಿಗೆ ಇನ್ನಷ್ಟು ಕುಗ್ಗಿತ್ತು; ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇದು ತಿಳಿದಿದ್ದರಿಂದ, ಬರೆದು ಎದ್ದಾಗ ಎದೆ ಭಾರವಾದರೂ ನಾನು ಬರೆಯುವುದನ್ನು ಬಿಡಲಿಲ್ಲ.

‘ಮನೆಯ ದೀಪ ಆರಿತು’, ‘ತುಂಬಲಾರದ ನಷ್ಟ’ ಎಂಬಂಥ ಶ್ರದ್ಧಾಂಜಲಿಯ ಮಾತುಗಳನ್ನು ದೂರವಿಟ್ಟೆ. ಅವು ಯಾರ ಅಪ್ಪನಿಗಾದರೂ ಹೊಂದುತ್ತವೆ. ಬದಲಿಗೆ ಹಾಸು (ಮಗ್ಗದ ಉದ್ದದ ಎಳೆಗಳು), ಹೊಕ್ಕು (ಅಡ್ಡ ಎಳೆಗಳು), ಲಾಳಿ (ಅಡ್ಡ ಎಳೆ ಹಾಯಿಸುವ ಸಾಧನ) ಎಂದು ಅಪ್ಪನ ಕೈಗೆ ಒಗ್ಗಿದ್ದ ಹೆಸರುಗಳನ್ನೇ ಬರೆಯುತ್ತ ಹೋದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅಪ್ಪ ಬಗ್ಗಿ ಕುಳಿತು, ಬೆರಳ ತುದಿಯಿಂದ ಆ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸುವಾಗ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ. ‘ಅಪ್ಪನ ಹಾಸು ಮುಗಿದಲ್ಲಿ ನನ್ನದು ಕೊಂಡಿ ಹಾಕಿಕೊಂಡಿದೆ’ ಎಂದು ಬರೆದ ದಿನ, ಅವರ ಬಗ್ಗೆ ಮೊದಲ ಬಾರಿಗೆ ಪೂರ್ತಿ ಒಂದು ಪುಟ ಬರೆದೆ.

ಆದರೆ ರೂಪಕ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು, ಅದನ್ನು ಪ್ರಶ್ನಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊಂಡಿ ಬೀಳದೆ ಉಳಿದ ಎಳೆಗಳು ಯಾವುವು ಎಂದು ಕೇಳಿಕೊಂಡೆ. ಮಗ್ಗ ಬಿಟ್ಟು ನೌಕರಿಗೆ ಹೋದ ನನ್ನ ಮೇಲೆ ಅವರಿಗಿದ್ದ, ಒಮ್ಮೆಯೂ ಬಾಯಿಬಿಟ್ಟು ಹೇಳದ ಮುನಿಸು ಆಗ ಕಾಗದಕ್ಕಿಳಿಯಿತು. ನೇರವಾಗಿ ಬರೆಯಲು ಹೊರಟಿದ್ದರೆ ನನ್ನ ಕೈ ಆ ವಿಷಯದ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ; ಆ ಮುನಿಸು ಆಕೆಗೂ ಗೊತ್ತಿತ್ತು, ಆ ಸಂಜೆ ಇಬ್ಬರೂ ಅದರ ಬಗ್ಗೆಯೇ ಮಾತನಾಡಿದೆವು.

ಆಸ್ಪತ್ರೆಯ ಕೊನೆಯ ರಾತ್ರಿಯನ್ನು ಮಾತ್ರ ಮಗ್ಗದ ಮಾತಿನಲ್ಲಿ ಬರೆದಿಲ್ಲ. ಎಷ್ಟು ಹೊತ್ತಿಗೆ ಯಾವ ಔಷಧ ಕೊಟ್ಟರು, ಅಪ್ಪ ಏನು ಕೇಳಿದರು, ಉಸಿರು ಹೇಗಿತ್ತು ಎಂಬುದನ್ನೆಲ್ಲ ಇದ್ದದ್ದು ಇದ್ದಂತೆ ಬರೆದೆ, ಏಕೆಂದರೆ ಅಲ್ಲಿ ಹೋಲಿಕೆ ತಂದಿದ್ದರೆ ಅವರು ಪಟ್ಟ ನೋವನ್ನು ಮರೆಮಾಚಿದಂತಾಗುತ್ತಿತ್ತು.