ದಿಯುವಿನಲ್ಲಿ ಮೂರು ರಾತ್ರಿ

ಗುಜರಾತಿನ ಕರಾವಳಿಗೆ ತಾಗಿದ ಪುಟ್ಟ ದ್ವೀಪ ದಿಯು ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು. ನಾನು ಹುಟ್ಟಿದ್ದೂ ಅದೇ ವರ್ಷ. ಶಾಲೆಯಲ್ಲಿ ಗೋವಾ, ದಮನ್, ದಿಯು ಎಂದು ಒಂದೇ ಉಸಿರಿಗೆ ಉರುಹೊಡೆದ ಮೂರು ಹೆಸರುಗಳಲ್ಲಿ ಕೊನೆಯದನ್ನು ಕಣ್ಣಾರೆ ಕಾಣಬೇಕೆಂಬ ಆಸೆ, ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ, ಕಟ್ಟಡಗಳ ಅಂದಾಜುಪಟ್ಟಿ ಬರೆಯುತ್ತಲೇ ನಿವೃತ್ತನಾಗುವವರೆಗೂ ಆಸೆಯಾಗಿಯೇ ಉಳಿದಿತ್ತು. ಕಳೆದ ಜನವರಿಯಲ್ಲಿ ಪತ್ನಿಯೊಡನೆ ಹೋಗಿ ಮೂರು ರಾತ್ರಿ ಅಲ್ಲಿದ್ದು ಬಂದೆ. ಆ ಪ್ರವಾಸವನ್ನು ನಾವೇ ಹೊಂದಿಸಿಕೊಂಡ ಬಗೆಯನ್ನೂ ಅದರಲ್ಲಿ ನಾನು ಮಾಡಿದ ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಸವನಗುಡಿಯ ನಮ್ಮ ಮನೆಯ ಹತ್ತಿರದ ಪ್ರವಾಸಿ ಸಂಸ್ಥೆಯೊಂದರಲ್ಲಿ ವಿಚಾರಿಸಿದೆ. ಸೋಮನಾಥ, ಗಿರ್, ದ್ವಾರಕೆಗಳ ನಡುವೆ ದಿಯುವಿಗೆ ಅರ್ಧ ದಿನ ಕೊಟ್ಟಿದ್ದ ಪಟ್ಟಿಯನ್ನು ಅವರು ಮುಂದಿಟ್ಟರು. ಅರ್ಧ ದಿನದಲ್ಲಿ ಕೋಟೆಯ ಬಾಗಿಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ನಾಗೋವಾ ಕಡಲತೀರದಲ್ಲಿ ಎಳನೀರು ಕುಡಿದು ಬಸ್ ಹತ್ತಬಹುದು. ಸದ್ದಿಲ್ಲದ ಊರನ್ನು ನೋಡುವ ಕ್ರಮ ಅದಲ್ಲ ಎನ್ನಿಸಿತು. ನಡೆದು ನೋಡುವಂಥ ಊರಿಗೆ ಎರಡು ಬೆಳಗು, ಎರಡು ಸಂಜೆಯಾದರೂ ಬೇಕು. ನಡುಹಗಲು ಹೇಗಿದ್ದರೂ ಬಿಸಿಲಿಗೂ ನಿದ್ದೆಗೂ ಸಲ್ಲುತ್ತದೆ.

ವಾರವನ್ನು ಆರಿಸುವುದರಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ಗುಜರಾತಿನಲ್ಲಿ ಪಾನನಿಷೇಧವಿದೆ, ದಿಯು ಕೇಂದ್ರಾಡಳಿತ ಪ್ರದೇಶವಾದ್ದರಿಂದ ಅಲ್ಲಿಲ್ಲ. ಹಾಗಾಗಿ ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಸೌರಾಷ್ಟ್ರದ ಊರುಗಳಿಂದ ಗುಂಪುಗುಂಪಾಗಿ ಜನ ಬಂದಿಳಿಯುತ್ತಾರೆ, ಆಗ ಈ ದ್ವೀಪವನ್ನು ಶಾಂತವೆಂದು ಯಾರೂ ಕರೆಯಲಾರರು. ಸಂಕ್ರಾಂತಿಯ ಹೊತ್ತಿಗೆ ಗುಜರಾತೆಲ್ಲ ಗಾಳಿಪಟ ಹಿಡಿದು ಮಾಳಿಗೆ ಹತ್ತಿರುತ್ತದೆ, ರೈಲಿನಲ್ಲಿ ಜಾಗ ಸಿಗುವುದಿಲ್ಲ. 26ರ ಆಸುಪಾಸಿನಲ್ಲಿ ಮತ್ತೆ ರಜೆಯ ನೂಕುನುಗ್ಗಲು. ಆದ್ದರಿಂದ ಬೆಂಗಳೂರಿನಲ್ಲಿ ಎಳ್ಳುಬೆಲ್ಲ ಬೀರಿ ಮುಗಿಸಿದ ಮೇಲಿನ ವಾರದಲ್ಲಿ, ಸೋಮವಾರ ತಲುಪಿ ಗುರುವಾರ ಹೊರಡುವಂತೆ ದಿನ ಗೊತ್ತುಮಾಡಿಕೊಂಡೆವು.

ಮಾರ್ಗ ಸುತ್ತುಬಳಸಿನದು. ಭಾನುವಾರ ಮಧ್ಯಾಹ್ನ ವಿಮಾನದಲ್ಲಿ ಅಹಮದಾಬಾದಿಗೆ ಹೋಗಿ, ರಾತ್ರಿಯ ರೈಲಿನಲ್ಲಿ ಮಲಗಿ ಬೆಳಿಗ್ಗೆ ವೇರಾವಳದಲ್ಲಿ ಇಳಿದೆವು. ಸೋಮನಾಥ ಅಲ್ಲಿಂದ ಆರೇಳು ಕಿಲೋಮೀಟರ್ ಮಾತ್ರ. ದರ್ಶನ ಮುಗಿಸಿ, ಬಾಡಿಗೆ ಕಾರಿನಲ್ಲಿ ಕೋಡಿನಾರ್, ಊನಾ ದಾಟಿ ಸುಮಾರು ತೊಂಬತ್ತು ಕಿಲೋಮೀಟರ್ ಸಾಗಿದರೆ ಘೋಘಲಾ ಸಿಗುತ್ತದೆ. ಇದು ಆಡಳಿತದ ಲೆಕ್ಕದಲ್ಲಿ ದಿಯುವೇ ಆದರೂ ಇರುವುದು ಗುಜರಾತಿನ ನೆಲಕ್ಕೆ ಅಂಟಿಕೊಂಡು. ಅಲ್ಲಿಂದ ಖಾರಿಯ ಮೇಲಿನ ಸೇತುವೆ ದಾಟಿದರೆ ದ್ವೀಪ. ಪೂರ್ವದ ಕೋಟೆಯಿಂದ ಪಶ್ಚಿಮದ ಬೆಸ್ತರ ಊರಾದ ವಣಾಕಬಾರಾದವರೆಗೆ ಸುಮಾರು ಹನ್ನೊಂದು ಕಿಲೋಮೀಟರ್. ಯಲಹಂಕಕ್ಕೆ ಹೋಗುವಷ್ಟೂ ದೂರವಿಲ್ಲ.

ವಸತಿಯ ವಿಷಯದಲ್ಲಿ ನಮ್ಮಿಬ್ಬರಿಗೆ ಸಣ್ಣ ವಾದವಾಯಿತು. ನಾನು ನಾಗೋವಾ ತೀರದ ಹೋಟೆಲನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. “ಸಮುದ್ರಾನ ಎಲ್ಲಿ ಬೇಕಾದರೂ ನೋಡಬಹುದು ರೀ, ಊರು ನೋಡೋದಕ್ಕೆ ತಾನೇ ಹೋಗ್ತಿರೋದು?” ಎಂದು ಪತ್ನಿ ಕೇಳಿದ ಮೇಲೆ ಹಳೆಯ ಪೇಟೆಯೊಳಗೇ ಕೋಣೆ ಹಿಡಿದೆವು. ಅವಳ ಮಾತೇ ಸರಿಯಾಗಿತ್ತು. ನಾಗೋವಾ ಪೇಟೆಯಿಂದ ಏಳು ಕಿಲೋಮೀಟರ್ ದೂರ. ಅಲ್ಲಿದ್ದಿದ್ದರೆ ಬೆಳಗಿನ ಓಣಿಗಳು ನಮಗೆ ದಕ್ಕುತ್ತಿರಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಸೋಮವಾರ ಸಂಜೆಯೇ ಆಟೋ ಹಿಡಿದು ಫುದಮ್ ಗ್ರಾಮದ ಗಂಗೇಶ್ವರಕ್ಕೆ ಹೋದೆವು. ಕಡಲಂಚಿನ ಬಂಡೆಯ ಪೊಟರೆಯಲ್ಲಿ ಐದು ಶಿವಲಿಂಗಗಳಿವೆ, ಪಾಂಡವರು ಪ್ರತಿಷ್ಠೆ ಮಾಡಿದವೆಂದು ಐತಿಹ್ಯ. ಅಲೆಗಳೇ ಬಂದು ಅಭಿಷೇಕ ಮಾಡುತ್ತವೆಂಬುದು ಆ ಸ್ಥಳದ ವಿಶೇಷ. ನಾವು ಮೆಟ್ಟಿಲಿಳಿದಾಗ ಅಭಿಷೇಕವೇನೋ ಭರದಿಂದ ನಡೆದಿತ್ತು, ಆದರೆ ಲಿಂಗಗಳು ನೊರೆಯೊಳಗೆ ಮುಳುಗಿ ಒಂದೂ ಸರಿಯಾಗಿ ಕಾಣುತ್ತಿರಲಿಲ್ಲ. ಮೇಲೆ ಚಹಾ ಮಾರುತ್ತಿದ್ದವನು ನಮ್ಮ ಒದ್ದೆ ಬಟ್ಟೆ ನೋಡಿ, ನಾಳೆ ಮಧ್ಯಾಹ್ನ ಬನ್ನಿ ಎಂದು ಹಿಂದಿಯಲ್ಲಿ ಹೇಳಿದ. ಬೆಂಗಳೂರಿನವನಿಗೆ ನೀರೆಂದರೆ ಕಾವೇರಿ ನಲ್ಲಿಯ ಸರದಿ ಗೊತ್ತೇ ಹೊರತು ಸಮುದ್ರಕ್ಕೂ ಸರದಿಯುಂಟೆಂಬುದು ಪುಸ್ತಕದಲ್ಲಷ್ಟೇ ಗೊತ್ತು. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗೂ ತುಸು ಹೆಚ್ಚು ಹೊತ್ತು ಬೇಕು, ದಿನದಿಂದ ದಿನಕ್ಕೆ ಅದೇ ಸ್ಥಿತಿ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಅಂದು ರಾತ್ರಿ ಇದನ್ನು ಕಾಗದದ ಮೇಲೆ ಗುಣಿಸಿ ಉಳಿದ ಎರಡು ದಿನದ ಕಾರ್ಯಕ್ರಮವನ್ನು ಹೊಸದಾಗಿ ಬರೆದೆ. ಹೊರಡುವ ಮೊದಲೇ ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಕೊಂಡಿದ್ದರೆ ಆಟೋ ಬಾಡಿಗೆ ಉಳಿಯುತ್ತಿತ್ತು.

ಮಂಗಳವಾರ ಆರು ಗಂಟೆಗೆ ಎದ್ದು ಕಿಟಕಿ ತೆರೆದರೆ ಕಗ್ಗತ್ತಲೆ. ಬೆಂಗಳೂರಿಗಿಂತ ದಿಯು ಸಾಕಷ್ಟು ಪಶ್ಚಿಮಕ್ಕೂ ಉತ್ತರಕ್ಕೂ ಇರುವುದರಿಂದ ಜನವರಿಯಲ್ಲಿ ಸೂರ್ಯ ನಮ್ಮಲ್ಲಿಗಿಂತ ಅರ್ಧ ಗಂಟೆಗೂ ಮಿಕ್ಕಿ ತಡವಾಗಿ ಹುಟ್ಟುತ್ತಾನೆ. ಬೆಳಕಾದ ಮೇಲೆ ಖಾರಿಯ ದಂಡೆ ಹಿಡಿದು ಕೋಟೆಯತ್ತ ನಡೆದೆವು. ನೀರಿನ ನಡುವೆ ಪಾನಿಕೋಟಾ ಎಂಬ ಸಣ್ಣ ಕೋಟೆ, ಲಂಗರು ಹಾಕಿ ನಿಂತ ಕಲ್ಲಿನ ಹಡಗಿನಂತೆ ಕಾಣುತ್ತದೆ. ಖಾರಿಯೊಳಕ್ಕೆ ಬರುವ ಪ್ರತಿಯೊಂದು ಹಡಗೂ ಅದರ ಮತ್ತು ದೊಡ್ಡ ಕೋಟೆಯ ಗುಂಡಿನ ಹೊಡೆತಕ್ಕೆ ಸಿಗುವಂತಿದೆ. ಇಷ್ಟು ಚಿಕ್ಕ ದ್ವೀಪಕ್ಕಾಗಿ ಇಷ್ಟೊಂದು ರಕ್ತ ಏಕೆ ಹರಿಯಿತೆಂಬುದು ಅಲ್ಲಿ ನಿಂತಾಗ ಅರ್ಥವಾಗುತ್ತದೆ. ಕೆಂಪು ಸಮುದ್ರದ ಕಡೆಗೂ ಪರ್ಷಿಯದ ಕಡೆಗೂ ಹೋಗಿಬರುವ ವ್ಯಾಪಾರದ ಬಾಗಿಲು ಇದು. 1509ರಲ್ಲಿ ಈಜಿಪ್ಟಿನ ಮಾಮ್ಲೂಕರು, ಗುಜರಾತಿನ ಸುಲ್ತಾನ, ಕಲ್ಲಿಕೋಟೆಯ ಸಾಮೂದಿರಿ ಇವರ ಕೂಡುಪಡೆಯನ್ನು ಪೋರ್ಚುಗೀಸ್ ವೈಸರಾಯ್ ಆಲ್ಮೇಡಾ ಸೋಲಿಸಿದ್ದು ಇದೇ ನೀರಿನಲ್ಲಿ. ಆದರೂ ನೆಲದ ಮೇಲೆ ಕಾಲೂರಲು ಪೋರ್ಚುಗೀಸರು 1535ರವರೆಗೆ ಕಾಯಬೇಕಾಯಿತು. ಹುಮಾಯೂನನ ಭಯದಿಂದ ಸುಲ್ತಾನ ಬಹಾದೂರ್ ಶಾಹ ಅವರ ನೆರವು ಬೇಡಿ ಕೋಟೆ ಕಟ್ಟಲು ಅನುಮತಿ ಕೊಟ್ಟ. ಎರಡು ವರ್ಷದೊಳಗೆ ಇದೇ ಕಡಲಿನಲ್ಲಿ ಅವರೊಡನೆ ನಡೆದ ಘರ್ಷಣೆಯಲ್ಲಿ ಸತ್ತ. ಬಾಡಿಗೆಗೆ ಬಂದವರು ಮನೆಯ ಯಜಮಾನರಾದರು.

ಕೋಟೆಯಲ್ಲಿ ಮೂರು ಗಂಟೆ ಕಳೆದೆ, ಸಾಲದೆಂದೇ ಅನ್ನಿಸಿತು. 1538ರಲ್ಲಿ ಆಟೊಮನ್ ನೌಕಾಪಡೆಯೂ ಸೇರಿ ಹಾಕಿದ ಮುತ್ತಿಗೆ, 1546ರ ಇನ್ನೊಂದು ಮುತ್ತಿಗೆ, ಇವೆರಡರ ಬಳಿಕ ಗೋಡೆಗಳನ್ನು ಬಹುಮಟ್ಟಿಗೆ ಹೊಸದಾಗಿ ಎಬ್ಬಿಸಿದರು. ಮೂರು ಕಡೆ ನೀರು. ನೆಲದ ಕಡೆಗೆ ಒಂದರ ಹಿಂದೊಂದು ಎರಡು ಕಂದಕಗಳು, ಹೊರಗಿನದಕ್ಕೆ ಸಮುದ್ರದ ನೀರೇ ನುಗ್ಗುತ್ತದೆ. ನಾವು ಒಳಹೋಗುವಾಗ ಕಂದಕದ ಗೋಡೆಯ ಮೇಲಿದ್ದ ನೀರಿನ ಗೆರೆ ಹೊರಬರುವಾಗ ಕೆಳಕ್ಕಿಳಿದಿತ್ತು. ನನ್ನ ಲೆಕ್ಕ ಸರಿಯಿದೆಯೆಂದು ಪತ್ನಿಗೆ ತೋರಿಸಿ ಹಿಂದಿನ ದಿನ ಹೋದ ಮಾನವನ್ನು ತಕ್ಕಮಟ್ಟಿಗೆ ಮರಳಿ ಪಡೆದೆ. ಬುರುಜುಗಳ ಮೇಲೆ ತುಕ್ಕು ಹಿಡಿದ ಕಬ್ಬಿಣದವೂ ಹಸಿರುಗಟ್ಟಿದ ಕಂಚಿನವೂ ಆದ ಫಿರಂಗಿಗಳು ಕಡಲಿನತ್ತ ಮೂತಿ ಮಾಡಿ ಮಲಗಿವೆ. ಯುರೋಪಿನವರನ್ನು ‘ಫಿರಂಗಿ’ ಎಂದು ಕರೆದ ನಾವು ಅವರು ತಂದ ಆಯುಧಕ್ಕೂ ಅದೇ ಹೆಸರಿಟ್ಟುಬಿಟ್ಟೆವು. ಆ ಪದದ ಎರಡೂ ಅರ್ಥ ಒಂದೇ ಕಡೆ ಕೂಡಿದ ಜಾಗ ಅದು.

ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಕಲ್ಲಿನ ಮೇಲೆ. ದಿಯುವಿನ ಕಲ್ಲು ಮಿಲಿಯೊಲೈಟ್ ಎಂಬ ಸುಣ್ಣಕಲ್ಲು, ಅತಿಸಣ್ಣ ಕಡಲಜೀವಿಗಳ ಚಿಪ್ಪಿನ ಪುಡಿ ಮರಳಿನಂತೆ ಕೂಡಿ ಗಟ್ಟಿಯಾದದ್ದು. ಲಾಲ್‌ಬಾಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು, ಉಳಿಯಿಟ್ಟರೆ ಕಿಡಿ ಹಾರುತ್ತದೆ. ದಿಯುವಿನ ಕಲ್ಲು ಅದರ ಮುಂದೆ ನಿನ್ನೆ ಮೊನ್ನೆಯ ಕೂಸು, ಗರಗಸಕ್ಕೆ ಬಗ್ಗುವಷ್ಟು ಮೆತ್ತಗೆ. ಕತ್ತರಿಸಲು ಸುಲಭವಾದ್ದರಿಂದ ಇಷ್ಟು ದೊಡ್ಡ ಕೋಟೆ ಎದ್ದಿತು. ಉಪ್ಪುಗಾಳಿಗೆ ಸವೆಯುವುದೂ ಅಷ್ಟೇ ಸುಲಭ, ಗಾರೆ ಉದುರಿದ ಕಡೆಯೆಲ್ಲ ಗೋಡೆ ಜೇನುಹುಟ್ಟಿನಂತೆ ತೂತುಬಿದ್ದಿದೆ. ಮೇಲೊಂದು ಪದರ ಸಿಮೆಂಟು ಮೆತ್ತಿದ ಕಡೆ ಒಳಗಿನ ಕಲ್ಲು ಇನ್ನೂ ಬೇಗ ಪುಡಿಯಾಗಿರುವುದನ್ನು ಕಂಡೆ. ಮೆತ್ತನೆಯ ಕಲ್ಲಿಗೆ ಸುಣ್ಣದ ಗಾರೆಯೇ ಬೇಕು, ಅದು ಗೋಡೆಯನ್ನು ಉಸಿರಾಡಲು ಬಿಡುತ್ತದೆ ಎಂದು ನಮ್ಮ ಹಿರಿಯ ಮೇಸ್ತ್ರಿಗಳು ಹೇಳುತ್ತಿದ್ದುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಊರಗೋಡೆಯ ಹೊರಗಿನ ನಾಯ್ಡಾ ಗುಹೆಗಳನ್ನು ಪ್ರವಾಸಿಗರು ಪ್ರಕೃತಿಯ ವಿಚಿತ್ರವೆಂದು ನೋಡಿ ಹೋಗುತ್ತಾರೆ. ಒಳಗೆ ನಿಂತು ಗೋಡೆಗಳನ್ನು ಗಮನಿಸಿದರೆ ಚೌಕಚೌಕವಾಗಿ ಕಲ್ಲು ಕೊಯ್ದ ಗುರುತು ಕಾಣುತ್ತದೆ. ಕೋಟೆಗೆ ಕಲ್ಲು ಒದಗಿಸಿದ ಗಣಿ ಅದೆಂದೇ ಅಲ್ಲಿನವರು ಹೇಳುತ್ತಾರೆ. ಮೇಲಿನ ತೂತುಗಳಿಂದ ಬೆಳಕು ಇಳಿಯುವ ಹನ್ನೊಂದು ಗಂಟೆಯ ಸುಮಾರಿಗೆ ಅಲ್ಲಿರುವುದು ಒಳ್ಳೆಯದು.

ಮಧ್ಯಾಹ್ನ ಗಂಗೇಶ್ವರಕ್ಕೆ ಮತ್ತೆ ಹೋದೆವು. ಐದೂ ಲಿಂಗಗಳು ಒಣಗಿ ನಿಂತಿದ್ದವು.

ಸಂತ ಪೌಲರ ಇಗರ್ಜಿ 1601ರಲ್ಲಿ ಆರಂಭವಾಗಿ 1610ರಲ್ಲಿ ಮುಗಿದದ್ದು, ಊರಿನಲ್ಲಿ ಇಂದಿಗೂ ಪೂಜೆ ನಡೆಯುವುದು ಅದೊಂದರಲ್ಲಿಯೇ. ಮುಂಭಾಗದ ಬಿಳಿಯ ಗಾರೆಯ ಕೆತ್ತನೆಗಿಂತ ಒಳಗಿನ ಮರದ ಕೆಲಸ ನನಗೆ ಹಿಡಿಸಿತು. ಸಂತ ತೋಮಸರ ಇಗರ್ಜಿ ವಸ್ತುಸಂಗ್ರಹಾಲಯವಾಗಿದೆ, ಅಲ್ಲಿ ಬಣ್ಣ ಮಾಸಿದ ಮರದ ಸಂತರು ಸಾಲಾಗಿ ನಿಂತಿದ್ದಾರೆ. ಅಸಿಸಿಯ ಸಂತ ಫ್ರಾನ್ಸಿಸರದ್ದು ಆಸ್ಪತ್ರೆಯಾಯಿತು. ಪ್ರಾರ್ಥಿಸುವವರು ಹೋದಮೇಲೆ ಉಳಿದ ಕಟ್ಟಡಕ್ಕೆ ಊರು ಹೀಗೆ ಒಂದೊಂದು ಕೆಲಸ ಕೊಟ್ಟಿದೆ.

ಕೆಲಸವಿಲ್ಲದೆ ನಿಂತಿರುವುದು ಮನೆಗಳು. ಬುಧವಾರ ಬೆಳಗಿನ ಹೊತ್ತನ್ನೆಲ್ಲ ಊರಗೋಡೆಯ ಝಾಂಪಾ ಬಾಗಿಲಿನಿಂದ ಒಳಗಿನ ಓಣಿಗಳಲ್ಲಿ ಅಲೆಯುವುದಕ್ಕೆ ಇಟ್ಟುಕೊಂಡಿದ್ದೆವು. ಹಳದಿ, ನೀಲಿ, ಗುಲಾಬಿ ಬಣ್ಣದ ಎರಡಂತಸ್ತಿನ ಮನೆಗಳು, ಕಿಟಕಿಯ ಮೇಲೆ ಗಾರೆಯ ಬಳ್ಳಿ, ಬಾಲ್ಕನಿಗೆ ಕೆತ್ತಿದ ಮರದ ಕಟಾಂಜನ. ಆದರೆ ಮೂರಕ್ಕೊಂದು ಬಾಗಿಲಿಗೆ ಬೀಗ. ಅಂಥ ಒಂದು ಮನೆಯ ಜಗಲಿ ಗುಡಿಸುತ್ತಿದ್ದ ಮುದುಕರನ್ನು ಮಾತಾಡಿಸಿದೆ. ಮನೆಯವರೆಲ್ಲಿ ಎಂದು ಕೇಳಿದ್ದಕ್ಕೆ, ಅಜ್ಜ ಮೊಜಾಂಬಿಕ್‌ನಲ್ಲಿದ್ದರು, ಮಗ ಲಿಸ್ಬನ್ನಿಗೆ ಹೋದ, ಮೊಮ್ಮಕ್ಕಳು ಇಂಗ್ಲೆಂಡಿನಲ್ಲಿದ್ದಾರೆ ಎಂದು, ದಿನವೂ ಹೇಳಿ ರೂಢಿಯಾದವರಂತೆ ಒಂದೇ ಉಸಿರಿನಲ್ಲಿ ಹೇಳಿದರು. ಸೊಂಟದಿಂದ ಚಾವಿಯ ಗೊಂಚಲು ತೆಗೆದು ತೋರಿಸಿ, ಇಂಥ ನಾಲ್ಕು ಮನೆ ನೋಡಿಕೊಳ್ಳುತ್ತೇನೆ, ಗುರುವಾರಕ್ಕೊಮ್ಮೆ ಕಿಟಕಿ ತೆರೆದು ಗಾಳಿಯಾಡಿಸುತ್ತೇನೆ ಎಂದರು. ಚಾವಿ ಎಂಬ ಮಾತು ಪೋರ್ಚುಗೀಸಿನಿಂದ ಬಂದದ್ದು. ನಮ್ಮ ಧಾರವಾಡದ ಕಡೆಯವರ ಬಾಯಲ್ಲೂ ಅದೇ ಇದೆ.

ಈ ಊರಿನ ಮೌನಕ್ಕೆ ಕಾರಣ ಆ ಮೂರು ತಲೆಮಾರಿನ ಮಾತಿನಲ್ಲಿಯೇ ಇದೆ. ದಿಯುವಿನ ವಣಿಕರು ಗುಜರಾತಿನ ಬಟ್ಟೆಯನ್ನು ಪೂರ್ವ ಆಫ್ರಿಕದ ಮೊಜಾಂಬಿಕ್‌ಗೆ ಒಯ್ದು ಆನೆಯ ದಂತ ತರುತ್ತಿದ್ದರು, 1686ರಲ್ಲಿ ಅವರ ಕೂಟಕ್ಕೆ ಆ ವ್ಯಾಪಾರದ ಏಕಸ್ವಾಮ್ಯವೂ ದೊರೆಯಿತು. ಆದರೆ ಅಷ್ಟು ಹೊತ್ತಿಗಾಗಲೇ ದೊಡ್ಡ ವಹಿವಾಟು ಸೂರತ್ತಿನತ್ತ ಹೊರಳಿತ್ತು, 1668ರಲ್ಲಿ ಓಮಾನಿನ ಅರಬರು ಊರನ್ನು ಸೂರೆ ಮಾಡಿ ಹೋಗಿದ್ದರು, ಮುಂದೆ ಮುಂಬಯಿ ಉಳಿದದ್ದನ್ನೂ ಎಳೆದುಕೊಂಡಿತು. ಸರಕು ಹೋದ ಹಾದಿಯಲ್ಲಿಯೇ ಮನುಷ್ಯರೂ ಹೊರಟರು. 1961ಕ್ಕೆ ಮೊದಲು ಅಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗಲ್‌ನ ಪೌರತ್ವ ಕೇಳುವ ಹಕ್ಕಿರುವುದರಿಂದ ಆ ಹಾದಿ ಇನ್ನೂ ಮುಚ್ಚಿಲ್ಲ. “ನಮ್ಮ ಮೂರನೇ ಅಡ್ಡರಸ್ತೆ ಇದ್ದ ಹಾಗೇ ಇದೆಯಲ್ಲ ರೀ” ಎಂದಳು ಪತ್ನಿ. ನಮ್ಮ ಬೀದಿಯಲ್ಲಿ ಮಕ್ಕಳೆಲ್ಲ ಅಮೆರಿಕ ಸೇರಿದ ಮೇಲೆ ಬೀಗ ಬಿದ್ದ ಮನೆಗಳನ್ನು ನಾನೂ ಎಣಿಸುತ್ತಿದ್ದೆ.

ಉಳಿದುದನ್ನು ಬೇಗ ಹೇಳಿಬಿಡಬಹುದು. ನಾಗೋವಾದಲ್ಲಿ ತೀರಕ್ಕಿಂತ ಅದರ ಹಿಂದಿನ ಹೊಕಾ ಮರಗಳು ಚೆಂದ. ತಾಳೆಯ ಜಾತಿಯಾದರೂ ಕಾಂಡ ಕವಲೊಡೆಯುತ್ತದೆ. ಊಟಕ್ಕೆ ತೊಂದರೆಯಾಗಲಿಲ್ಲ: ಕಾಠಿಯಾವಾಡದ ಸಜ್ಜೆಯ ರೋಟಲೊ, ಸುಟ್ಟ ಬದನೆಕಾಯಿಯ ಓಳೊ, ಮಜ್ಜಿಗೆ ಇವು ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಉಂಡವರಿಗೆ ಹೊಸತೇನಲ್ಲ. ಬುಧವಾರ ಸಂಜೆಯನ್ನು ಚಕ್ರತೀರ್ಥದ ದಿಬ್ಬದ ಮೇಲಿನ ಖುಕ್ರಿ ಸ್ಮಾರಕಕ್ಕೆ ಕೊಟ್ಟೆವು. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿಯ ದಾಳಿಗೆ ದಿಯುವಿನಾಚೆ ಮುಳುಗಿದ ಖುಕ್ರಿ ಯುದ್ಧನೌಕೆಯ ಮಾದರಿ ಗಾಜಿನ ಪೆಟ್ಟಿಗೆಯಲ್ಲಿದೆ. ಹದಿನೆಂಟು ಅಧಿಕಾರಿಗಳು, ನೂರ ಎಪ್ಪತ್ತಾರು ನಾವಿಕರು ಹಡಗಿನೊಡನೆ ಹೋದರು, ಅದರ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಕೂಡ. ಸೂರ್ಯ ಮುಳುಗುವವರೆಗೆ ಅಲ್ಲಿ ನಾವಿಬ್ಬರಲ್ಲದೆ ಒಂದು ನಾಯಿ ಮಾತ್ರ ಇತ್ತು.

ಗುರುವಾರ ಬೆಳಿಗ್ಗೆ ಹೊರಟಾಗ ಆ ಮುದುಕರ ಓಣಿಯ ತುದಿಯಲ್ಲಿ ಕಾರು ನಿಧಾನ ಮಾಡಿಸಿ ನೋಡಿದೆ. ಮೇಲಂತಸ್ತಿನ ಎರಡು ಕಿಟಕಿ ತೆರೆದಿದ್ದವು. ಘೋಘಲಾ ದಾಟಿದ ಮೇಲೆ ಗುಜರಾತಿನ ತಪಾಸಣೆಯ ಕಟ್ಟೆ ಬರುತ್ತದೆ, ದಿಯುವಿನಿಂದ ಬಾಟಲಿ ಸಾಗಿಸುವವರನ್ನು ಹಿಡಿಯಲೆಂದು ಚೀಲಗಳನ್ನು ಬಿಚ್ಚಿ ನೋಡುತ್ತಾರೆ. ಪೇದೆ ನನ್ನ ಚೀಲದ ತಳಕ್ಕೆ ಕೈಹಾಕಿ ಬಿಗಿಯಾಗಿ ಸುತ್ತಿದ ಪೊಟ್ಟಣವೊಂದನ್ನು ಅನುಮಾನದಿಂದ ಹೊರತೆಗೆದ. ದಾರಿಗೆಂದು ಪತ್ನಿ ಕಟ್ಟಿಕೊಂಡಿದ್ದ ಎಳ್ಳುಬೆಲ್ಲ ಅದು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ ಎಂದು ಒಂದೊಂದನ್ನೂ ತೋರಿಸಿ ಅವಳು ಹರಕು ಹಿಂದಿಯಲ್ಲಿ ವಿವರಿಸಿದಳು. ಆತ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಒಳಗೆ ಕುಳಿತಿದ್ದ ಇನ್ನೊಬ್ಬನಿಗೂ ಇರಲೆಂದು ಅಂಗೈ ಚಾಚಿದ.