ಮಗುವಿನ ವಿಷಯದಲ್ಲಿ ಅಪ್ಪ-ಅವ್ವ ಒಪ್ಪದಿದ್ದರೆ: ಇಂಗ್ಲೆಂಡಿನ ನ್ಯಾಯಾಲಯದ ದಾರಿ

ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ಜಾತ್ರೆ. ಮೊಮ್ಮಗನನ್ನು ಕರೆತನ್ನಿ, ಹಾಗೆಯೇ ಜವಳ ತೆಗೆಸೋಣ ಎಂದು ಕಲಬುರಗಿಯಿಂದ ಆಯಿ ಫೋನ್ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಆಗ ಶಾಲೆ ನಡೆಯುತ್ತಿರುತ್ತದೆ. ಬೇರೆಯಾಗಿ ಬದುಕುತ್ತಿರುವ ಅಪ್ಪ-ಅವ್ವರಲ್ಲಿ ಒಬ್ಬರು ಹೋಗಲೇಬೇಕೆಂದರೆ ಇನ್ನೊಬ್ಬರು ಬೇಡವೆನ್ನುತ್ತಾರೆ. ಊರಿನಲ್ಲಾದರೆ ಮುತ್ಯಾ, ಸೋದರಮಾವ ಕೂಡಿ ಮಾತು ಮುಗಿಸುತ್ತಿದ್ದರು. ಇಲ್ಲಿ ಅದು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರಬಹುದು.

ಹಿರಿಯರು ಕೂಡಿದಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಮೊದಲು ಏಳುತ್ತದೆ. ಇಲ್ಲಿ ಹಾಗಲ್ಲ. 1989ರ ಚಿಲ್ಡ್ರನ್ ಆಕ್ಟ್ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು. ವಯಸ್ಸಿಗೆ ತಕ್ಕಂತೆ ಮಗುವಿನ ಇಷ್ಟ, ಅದರ ಅಗತ್ಯ, ಬದಲಾವಣೆಯ ಪರಿಣಾಮ, ಹಾನಿಯ ಭಯ ಇವನ್ನೆಲ್ಲ ನ್ಯಾಯಾಧೀಶರು ತೂಗುತ್ತಾರೆ. ಆದ್ದರಿಂದ ಮದುವೆಯ ಹಳೆಯ ಮುನಿಸನ್ನು ಪುಟಗಟ್ಟಲೆ ಬರೆಯಬೇಡಿ, ದಯವಿಟ್ಟು. ಹೊಡೆತ, ಬೆದರಿಕೆ ನಡೆದಿದ್ದರೆ ಮಾತ್ರ ಮಾನಕ್ಕೆ ಅಂಜಿ ಮುಚ್ಚಿಡಬೇಡಿ. ಅದು ಮಗುವಿನ ಸುರಕ್ಷತೆಯ ಮಾತು.

ಅರ್ಜಿಯ ನಮೂನೆ ಸಿ100. ಅದಕ್ಕೂ ಮುಂಚೆ ಸಾಮಾನ್ಯವಾಗಿ ಮಧ್ಯಸ್ಥಿಕೆಯ ಬಗ್ಗೆ ತಿಳಿಸುವ ಸಭೆಗೆ ಹೋಗಬೇಕು. ದೌರ್ಜನ್ಯಕ್ಕೆ ಪುರಾವೆ ಇದ್ದವರಿಗೆ ವಿನಾಯಿತಿ ಇದೆ. ಕನ್ನಡ ದುಭಾಷಿ ಬೇಕಿದ್ದರೆ ಅರ್ಜಿಯಲ್ಲೇ ಬರೆಯಿರಿ. ಮೊದಲ ವಿಚಾರಣೆಗೆ ಮುನ್ನ, ಮಗುವಿನ ಹಿತದ ಬಗ್ಗೆ ನ್ಯಾಯಾಲಯಕ್ಕೆ ಸಲಹೆ ಕೊಡುವ ಕ್ಯಾಫ್‌ಕ್ಯಾಸ್ ಸಂಸ್ಥೆಯವರು ಇಬ್ಬರೊಂದಿಗೂ ಫೋನಿನಲ್ಲಿ ಮಾತನಾಡಿ, ಪೊಲೀಸರಲ್ಲಿಯೂ ವಿಚಾರಿಸುತ್ತಾರೆ. ಶಾಲೆ, ಧರ್ಮ, ಚಿಕಿತ್ಸೆಯಂಥ ಒಂದೇ ವಿಷಯ ತೀರ್ಮಾನಿಸುವುದಾದರೆ ಸ್ಪೆಸಿಫಿಕ್ ಇಶ್ಯೂ ಆರ್ಡರ್. ಏನನ್ನಾದರೂ ತಡೆಯುವುದಾದರೆ ಪ್ರೊಹಿಬಿಟೆಡ್ ಸ್ಟೆಪ್ಸ್ ಆರ್ಡರ್.

ಊರಿಗೆ ಹೋಗುವ ಮಾತಿಗೆ ಬರೋಣ, ನಮ್ಮವರು ಎಡವುವುದು ಇಲ್ಲಿಯೇ. ಮಗುವಿನ ಮೇಲೆ ಕಾನೂನುಬದ್ಧ ಹೊಣೆಯಿರುವ ಎಲ್ಲರ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿ ಇಲ್ಲದೆ ಹೊರದೇಶಕ್ಕೆ ಕರೆದೊಯ್ದರೆ, 1984ರ ಕಾನೂನಿನಡಿ ಅದು ಅಪಹರಣದ ಅಪರಾಧವಾಗಬಹುದು. ಹೆತ್ತವರೆಂಬುದು ರಕ್ಷಣೆಯಲ್ಲ. ಮಗು ತನ್ನೊಂದಿಗೆ ಇರಬೇಕೆಂಬ ಆದೇಶ ಪಡೆದವರು ಒಂದು ತಿಂಗಳೊಳಗಿನ ಪ್ರವಾಸಕ್ಕೆ ಕರೆದೊಯ್ಯಬಹುದು, ಅದನ್ನು ತಡೆಯುವ ಬೇರೆ ಆದೇಶ ಇಲ್ಲದಿದ್ದರೆ.

ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹೋದ ಮಗು ಹಿಂದಿರುಗದಿದ್ದರೆ ಕರೆತರುವುದು ಕಷ್ಟವೆಂಬ ಅಳುಕು ಇಲ್ಲಿನ ನ್ಯಾಯಾಧೀಶರಿಗೆ ಇರುತ್ತದೆ. ಆ ಅಳುಕನ್ನು ಅವಮಾನವೆಂದು ತಿಳಿಯದೆ ಉತ್ತರ ಸಿದ್ಧಮಾಡಿಕೊಳ್ಳಿ: ಹೋಗಿ ಬರುವ ಎರಡೂ ಟಿಕೆಟ್, ಕಲಬುರಗಿಯಲ್ಲಿ ಉಳಿಯುವ ಮನೆಯ ವಿಳಾಸ, ಶಾಲೆಯ ರಜೆಯ ಪತ್ರ, ಇಲ್ಲಿ ಉಳಿದವರೊಂದಿಗೆ ಮಗು ದಿನವೂ ವಿಡಿಯೊ ಕರೆಯಲ್ಲಿ ಮಾತನಾಡುವ ಸಮಯ.